ಮಸ್ಕತ್ತಿಗೆ ಒಂದು ಫುಲ್, ಒಂದು ಹಾಫ್, ಮಡಿಲಲ್ಲೊಂದು

ನಗುವಂಥ ಪ್ರಸಂಗಗಳು ನನ್ನ ಪಾಲಿಗೆ ಬರುವುದೇ ನಾನು ಅಳಬೇಕೆಂದು ಕೂತಾಗ. ನಾನು ಬಸ್ ಕಂಡಕ್ಟರು. ಚಳ್ಳಕೆರೆಯಿಂದ ಮೊಳಕಾಲ್ಮುರು, ಅಲ್ಲಿಂದ ರಾಂಪುರ, ಮತ್ತೆ ವಾಪಸ್ಸು. ಅತ್ತುಕೊಂಡು ಟಿಕೆಟ್ ಕೊಡಲು ಆಗುವುದಿಲ್ಲ, ಹಾಗಾಗಿ ನಗುವುದನ್ನೇ ಅಭ್ಯಾಸ ಮಾಡಿಕೊಂಡೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಆಗ ಬಸ್ಸಿನ ಅರ್ಧ ಜನ ನನಗೆ ಡಾಕ್ಟರು, ಇನ್ನರ್ಧ ಜನ ಜ್ಯೋತಿಷಿಗಳು. ಅಕ್ಕ ತಮ್ಮ ಇಬ್ಬರನ್ನು ನಾವು ದತ್ತು ತೆಗೆದುಕೊಂಡ ಮೇಲೆ ಅವರೆಲ್ಲ ಒಟ್ಟಿಗೇ ವಕೀಲರಾದರು.

ಅಕ್ಕನಿಗೆ ಎಂಟು ವರ್ಷ, ತಮ್ಮನಿಗೆ ಎರಡು. ನಮಗಿಂತ ಮುಂಚೆ ಒಂದು ಜೋಡಿ ಇವರನ್ನು ಮನೆಗೆ ಕರೆದುಕೊಂಡು ಹೋಗಿ, ಚಿಕ್ಕವನಷ್ಟೇ ಸಾಕು, ದೊಡ್ಡವಳು ಬೇಡ ಅಂದಿತ್ತಂತೆ. ಒಡಹುಟ್ಟಿದವರನ್ನು ಬೇರೆ ಮಾಡುವುದಿಲ್ಲ ಎಂದು ದತ್ತು ಕೇಂದ್ರದವರು ಹೇಳಿದ್ದಕ್ಕೆ ಇಬ್ಬರನ್ನೂ ತಂದು ಬಿಟ್ಟು ಹೋದರು. ಬಣ್ಣ ಹಿಡಿಸಲಿಲ್ಲ ಅಂತ ಸೀರೆ ಹಿಂದಿರುಗಿಸುತ್ತಾರಲ್ಲ, ಹಾಗೆ. ಅಂದಿನಿಂದ ದೊಡ್ಡವಳು ಬಹಳ ಒಳ್ಳೆಯ ಹುಡುಗಿ. ಏನನ್ನೂ ಕೇಳುವುದಿಲ್ಲ, ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ, ಹೇಳುವ ಮೊದಲೇ ಪಾತ್ರೆ ತೊಳೆದಿಟ್ಟಿರುತ್ತಾಳೆ. ನೋಡಿದವರೆಲ್ಲ ಹೊಗಳುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ. ಒಂದು ತಪ್ಪು ಮಾಡಿದರೂ ಮತ್ತೆ ಬಿಟ್ಟು ಬರುತ್ತಾರೆ ಎಂಬ ಭಯಕ್ಕೆ ಜನ ಒಳ್ಳೆಯತನ ಎಂದು ಹೆಸರಿಟ್ಟಿದ್ದಾರೆ. ಈ ಹುಡುಗಿ ಒಂದು ದಿನವಾದರೂ ನನ್ನ ಮುಂದೆ ಹಟ ಹಿಡಿಯಬೇಕು, ನನಗೆ ಬೇಕಾಗಿದ್ದು ಅಷ್ಟೇ.

ನನ್ನ ಗಂಡ ಮಸ್ಕತ್‌ನಲ್ಲಿ ಕ್ರೇನ್ ಓಡಿಸುತ್ತಾರೆ. ದತ್ತಿನ ಓಡಾಟಕ್ಕೆಂದು ಬಂದಿದ್ದವರು, ಮಕ್ಕಳು ಮನೆಗೆ ಬರುವ ಮೊದಲೇ ರಜೆ ಮುಗಿದು ಹೋಗಿಬಿಟ್ಟರು. ಬೇಸಿಗೆ ರಜೆಯಲ್ಲಿ ನಾನೂ ರಜೆ ಹಾಕಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಚಳ್ಳಕೆರೆಯ ಬಿಸಿಲು ಸಾಲದು ಅಂತ ದುಡ್ಡು ಕೊಟ್ಟು ಬಿಸಿಲಿಗೆ ಹೋದವರು ನಾವೇ ಇರಬೇಕು.

ಮೂಲ ವಿಚಾರ

ಹೊರಡುವ ಹಿಂದಿನ ವಾರ ಬಸ್ಸಿನಲ್ಲಿ ಒಬ್ಬ ದೊಡ್ಡ ಮನುಷ್ಯರು ನನ್ನನ್ನು ಹಿಡಿದುಕೊಂಡರು.

“ಏನಮ್ಮಾ ಕಂಡಕ್ಟರಮ್ಮ, ಎರಡು ಮಕ್ಳನ್ನ ತಂದ್ಕಂಡ್ಯಂತೆ. ಯಾವ ಜಾತಿ, ಯಾರ ರಕ್ತ, ಏನಾದ್ರೂ ವಿಚಾರಿಸ್ದ್ಯಾ?”

“ಇಲ್ರಿ.”

“ಅಯ್ಯೋ! ನಾಳೆ ದಿನ ಏನ್ ಗುಣ ಬರ್ತೈತೋ ಏನೋ. ಮೂಲ ಗೊತ್ತಿರಬೇಕಮ್ಮಾ, ಮೂಲ.”

ಅವರ ತೊಡೆಯ ಮೇಲೆ ಅವರ ಮಗ ಕೂತಿದ್ದ. ಕೂತಿದ್ದ ಅನ್ನುವುದಕ್ಕಿಂತ ಅಪ್ಪನನ್ನು ಮುಚ್ಚಿದ್ದ. ಹುಡುಗನ ಕಾಲು ಬಸ್ಸಿನ ನೆಲಕ್ಕೆ ತಾಗುತ್ತಿತ್ತು.

“ಇವನಿಗೆ ಟಿಕೆಟ್?” ಅಂದೆ.

“ಐದು ವರ್ಷ ಕಣಮ್ಮ. ಟಿಕೆಟ್ ಬರಲ್ಲ.”

ಹುಡುಗ ಪಾಪ, “ಅಪ್ಪಾ, ನಾನು ಐದನೇ ಕ್ಲಾಸು” ಅಂದ.

“ನಿಮ್ಮ ಸ್ವಂತ ಮಗನ ವಯಸ್ಸೇ ನಿಮಗೆ ಗೊತ್ತಿಲ್ಲ. ನನ್ನ ಮಕ್ಕಳ ಮೂಲ ತಗಂಡು ಏನ್ ಮಾಡ್ತೀರಿ?” ಎಂದು ಹಾಫ್ ಟಿಕೆಟ್ ಕೊಟ್ಟೆ. ರಾಂಪುರ ಬರುವವರೆಗೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಯಾರು ಹೋಗಬೇಕು, ಯಾರು ಇರಬೇಕು

ಮೊಳಕಾಲ್ಮುರಿನಲ್ಲಿ ನನ್ನ ಅತ್ತೆಯ ಮನೆ. ರೇಷ್ಮೆ ಸೀರೆ ನೇಯುವ ಮಗ್ಗದ ಮನೆ. ಹೊರಡುವ ಮುಂಚೆ ಹಿರಿಯರ ಕಾಲಿಗೆ ಬೀಳಿಸೋಣ ಎಂದು ಮಕ್ಕಳನ್ನು ಕರೆದೊಯ್ದೆ. ಅತ್ತೆ ಚಿಕ್ಕವನನ್ನು ಎತ್ತಿಕೊಂಡು “ನಾ ಬಂಗಾರು” ಎಂದು ತೆಲುಗಿನಲ್ಲಿ ಮುದ್ದಾಡಿದರು. ದೊಡ್ಡವಳ ತಲೆಯ ಮೇಲೆ ಎರಡು ಬೆರಳಿಟ್ಟು ತೆಗೆದರು.

ಅಷ್ಟರಲ್ಲಿ ನನ್ನ ನಾದಿನಿ, “ವದಿನಾ, ಸಣ್ಣೋನ್ನ ಕರ್ಕಂಡು ಹೋಗ್ರಿ. ದೊಡ್ಡದನ್ನ ಇಲ್ಲೇ ಬಿಡ್ರಿ, ಕೆಲ್ಸಕ್ಕಾದ್ರೂ ಆಗ್ತೈತೆ” ಅಂದಳು.

ದೊಡ್ಡದಂತೆ! ಕೊಟ್ಟಿಗೆಯ ಎಮ್ಮೆಯ ಮಾತಾಡಿದ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೋಗಿ ರಾಟೆಯ ಮುಂದೆ ಕೂತು, ಪಕ್ಕದವರನ್ನು ನೋಡಿ ಕಂಡಿಕೆಗೆ ನೂಲು ಸುತ್ತಲು ಶುರುಮಾಡಿದಳು. ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. ಕೆಲಸ ಚೆನ್ನಾಗಿ ಮಾಡಿದರೆ ತಮ್ಮನ ಜೊತೆ ತನ್ನನ್ನೂ ಕಳಿಸುತ್ತಾರೆ ಎಂದುಕೊಂಡಿದ್ದಳು. ನನಗೆ ರಕ್ತ ಕುದಿಯಿತು. ನಾದಿನಿಯ ಮಗ, ಮೀಸೆ ಬಂದವನು, ಅಲ್ಲೇ ಜಗಲಿಯ ಮೇಲೆ ಮೊಬೈಲ್ ಎದೆಗಿಟ್ಟುಕೊಂಡು ಮಲಗಿದ್ದ.

“ಕೆಲ್ಸಕ್ಕೆ ಬರೋರು ಇಲ್ಲಿರಬೇಕು, ಬರದೇ ಇರೋರು ಮಸ್ಕತ್‌ಗೆ ಹೋಗ್ಬೇಕು ಅಂದ್ರೆ, ಮೊದ್ಲು ನಿನ್ನ ಮಗನಿಗೆ ಪಾಸ್‌ಪೋರ್ಟ್ ಮಾಡಿಸಮ್ಮ” ಅಂದೆ.

ಶಿಸ್ತಿನ ಮಗು

ಚಿಕ್ಕವನಿಗೆ ಸಾಲು ಕಂಡರೆ ನಿಲ್ಲುವ ಅಭ್ಯಾಸ. ಕೇಂದ್ರದಲ್ಲಿ ಹಾಲಿಗೂ ಸಾಲು, ಸ್ನಾನಕ್ಕೂ ಸಾಲು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಲಿಗೇನು ಬರ. ನಾನು ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಅವನು ಮಾಯ. ನಾನೂ ದೊಡ್ಡವಳೂ ಎದೆ ಬಡಿದುಕೊಂಡು ಹುಡುಕಿದರೆ, ಕಾಫಿ ಅಂಗಡಿಯ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತಿದ್ದಾನೆ. ಅಲ್ಲಿಂದ ಎಳೆದು ತಂದರೆ ಗಂಡಸರ ಶೌಚಾಲಯದ ಸಾಲಿಗೆ ಹೋಗಿ ನಿಂತ.

ತುಟಿಗೆ ಬಣ್ಣ ಹಚ್ಚಿದ್ದ ಒಬ್ಬ ತಾಯಿ ಇದನ್ನೆಲ್ಲ ನೋಡುತ್ತಿದ್ದರು. ಅವರ ಮಗ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ. “ವಾವ್, ಎಷ್ಟು ಡಿಸಿಪ್ಲಿನ್ ನಿಮ್ಮ ಪಾಪುಗೆ! ಯಾವ ಪ್ಲೇ ಸ್ಕೂಲ್? ನಮ್ಮವನನ್ನೂ ಸೇರಿಸಬೇಕು” ಅಂದರು.

“ಅಲ್ಲಿ ಸೀಟು ಸಿಗೋದು ಕಷ್ಟ ಕಣ್ರಿ” ಅಂದೆ. “ಅಪ್ಪ ಅಮ್ಮ ಇಬ್ರೂ ಬದುಕಿದ್ರೆ ತಗಳಲ್ಲ.”

ಊಟಕ್ಕೆ ಮುಂಚೆ

ಮಸ್ಕತ್‌ನಲ್ಲಿ ಗಂಡ ತಾವೇ ಅನ್ನ ಸಾರು ಮಾಡಿ, ಹಪ್ಪಳ ಕರಿದು ಕಾಯುತ್ತಿದ್ದರು. ತಟ್ಟೆಗೆ ಬಡಿಸಿದರೆ ಮಕ್ಕಳಿಬ್ಬರೂ ಮುಟ್ಟಲಿಲ್ಲ. ತಟ್ಟೆಯನ್ನು ಎದೆಯವರೆಗೆ ಎತ್ತಿ ಹಿಡಿದು, ಗಂಡನ ಅಕ್ಕಪಕ್ಕ ನಿಂತು, ನನ್ನ ಕಡೆ ನೋಡಿ ನಗುತ್ತಿದ್ದಾರೆ. ಅನ್ನ ಆರುತ್ತಿದೆ, ನಗು ಆರುತ್ತಿಲ್ಲ.

ಗಂಡ ಗಾಬರಿಯಾಗಿ, “ಸಾರು ಕೆಟ್ಟೈತೇನೆ?” ಅಂದರು.

ನನಗೆ ತಟ್ಟನೆ ಹೊಳೆಯಿತು. ಕೇಂದ್ರಕ್ಕೆ ಹುಟ್ಟುಹಬ್ಬದ ಊಟ ಹಾಕಿಸಲು ದಾನಿಗಳು ಬರುತ್ತಿದ್ದರು. ದಾನಿಯ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತು ಫೋಟೊ ಆಗುವವರೆಗೆ ಮಕ್ಕಳು ತುತ್ತು ಎತ್ತುವ ಹಾಗಿರಲಿಲ್ಲ. ಚಳ್ಳಕೆರೆಯಲ್ಲಿ ನಾನು ತುತ್ತು ಮಾಡಿ ಕೈಗೇ ಕೊಡುತ್ತಿದ್ದೆ, ಹಾಗಾಗಿ ಗೊತ್ತಾಗಿರಲಿಲ್ಲ. ಇಲ್ಲಿ ಹೊಸ ಗಂಡಸು, ಹೊಸ ತಟ್ಟೆ. ಮಕ್ಕಳು ದಾನಿ ಎಂದುಕೊಂಡರು.

ಹಸಿದ ಮಗುವಿಗೆ ಹಲ್ಲು ಕಿರಿಯುವುದನ್ನು ಕಲಿಸಿದ ಆ ಪುಣ್ಯಾತ್ಮರು ಆ ಹೊತ್ತಿಗೆ ನನ್ನ ಕೈಗೆ ಸಿಗಬೇಕಿತ್ತು. ಸಿಗಲಿಲ್ಲ. ಫೋಟೊ ತೆಗೆಯೋಣವೆಂದರೆ ಮೊಬೈಲ್ ಚಾರ್ಜಿಗೆ ಹಾಕಿತ್ತು. ಗಂಡ ಟೀವಿಯ ರಿಮೋಟ್ ಎತ್ತಿ ಕೊಟ್ಟರು, ನಾನು ಅದನ್ನೇ ಮಕ್ಕಳ ಕಡೆ ಹಿಡಿದು ಗುಂಡಿ ಒತ್ತಿ “ಆಯ್ತು” ಅಂದೆ. ತಕ್ಷಣ ಕೂತು ಗಬಗಬನೆ ಉಂಡರು. ಅಭ್ಯಾಸ ಬಿಡುವವರೆಗೆ ದಿನವೂ ಹೀಗೇ ನಡೆಯಿತು. ಪ್ರತಿ ಊಟಕ್ಕೂ ಬೆನ್ನ ಹಿಂದೆ ಟೀವಿ ಹತ್ತಿಕೊಂಡು ಯಾರೋ ಅರಬ್ಬಿಯಲ್ಲಿ ವಾರ್ತೆ ಓದುತ್ತಿದ್ದರು.

ದೃಷ್ಟಿ

ಚಿಕ್ಕವನು ಅಲ್ಲಿ ಹೊಟ್ಟೆ ಕೆಟ್ಟು ರಚ್ಚೆ ಹಿಡಿದ. ಅತ್ತೆ ವಿಡಿಯೊ ಕಾಲ್‌ನಲ್ಲಿ, “ದೃಷ್ಟಿ ಆಗೈತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು” ಅಂದರು. ನಮ್ಮ ಕಡೆ ಮಾಡುವುದೇ ಹಾಗೆ. ಫೋನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಅತ್ತೆ ನೋಡುತ್ತಿದ್ದಂತೆ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಸುರಿದೆ.

ಹೊಗೆ ಎದ್ದಿತು. ಛಾವಣಿಯಲ್ಲಿದ್ದ ಬೆಂಕಿಯ ಅಲಾರಂ ಕಿರುಚಿತು. ಆಮೇಲೆ ಇಡೀ ಕಟ್ಟಡವೇ ಕಿರುಚಿತು. ಎಲ್ಲ ಮಹಡಿಗಳ ಜನ ಮೆಟ್ಟಿಲಿಳಿದು ಓಡಿದರು. ನಾವೂ ಓಡಿದೆವು. ಕೆಳಗೆ ಹೋಗಿ ನೋಡಿದರೆ ದೊಡ್ಡವಳಿಲ್ಲ. ಗಂಡ ಮತ್ತೆ ಮೇಲೆ ಓಡಿದರು. ಅವಳು ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಒಲೆ ಒರೆಸುತ್ತಿದ್ದಳಂತೆ. “ಕ್ಲೀನ್ ಮಾಡ್ತೀನಿ, ಬೈಬ್ಯಾಡ್ರಿ” ಅಂದಳಂತೆ. ಗಂಡ ಅವಳನ್ನು ಹೆಗಲಿಗೆ ಹಾಕಿಕೊಂಡೇ ಕೆಳಗಿಳಿದರು.

ಕಾವಲುಗಾರ ನನ್ನನ್ನು ಎಲ್ಲರ ಮುಂದೆ ಹಿಂದಿಯಲ್ಲಿ ಬೈದ. ನಾನು ತಲೆ ತಗ್ಗಿಸಿ ನಿಂತೆ. ನಿವಾಳಿಸಿದ್ದು ಮಗುವಿಗೆ, ಇಳಿದಿದ್ದು ನನ್ನ ಮರ್ಯಾದೆ. ಗಂಡ ಮಾತ್ರ ನಗುತ್ತಾ, “ನಡೀ, ಕಾಫಿ ಮಾಡಿಕೊಡು” ಅಂದರು. ಇಷ್ಟು ದೊಡ್ಡ ತಪ್ಪು ಮಾಡಿದ ನನ್ನನ್ನು ಯಾರೂ ಎಲ್ಲಿಗೂ ವಾಪಸ್ ಕಳಿಸಲಿಲ್ಲವಲ್ಲ, ದೊಡ್ಡವಳು ಅದನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

ಮೇಲೆ ಬಂದರೆ ಫೋನಿನಲ್ಲಿ ಅತ್ತೆ ಇನ್ನೂ ಇದ್ದಾರೆ. “ನೋಡಿದ್ಯಾ, ಎಂಥಾ ದೃಷ್ಟಿ ಇತ್ತು ಅಂತ! ಬಿಟ್ಟು ಹೋಗುವಾಗ ಹೆಂಗ್ ಕೂಗ್ಕಂತು!”

ಸಿಹಿ ಸುದ್ದಿ

ಕೆಲವು ದಿನಗಳ ಮೇಲೆ ದೊಡ್ಡವಳು ತಮ್ಮನ ಜೊತೆ ಆಡುತ್ತಿದ್ದಳು. “ತಟ್ಟೆ ತೆಗೀತೀಯಾ?” ಅಂದೆ. ತಿರುಗಿಯೂ ನೋಡದೆ “ಆಮೇಲೆ” ಅಂದಳು.

ನಾನು ಅಡುಗೆಮನೆಗೆ ಓಡಿ ಗಂಡನ ಕೈ ಹಿಡಿದುಕೊಂಡೆ. ಅವರು ಚಪ್ಪಲಿ ಮೆಟ್ಟಿ ಹೋಗಿ ಹಲ್ವ ತಂದರು. ಪಕ್ಕದ ಮನೆಯ ಮಲಯಾಳಿ ಹೆಂಗಸಿಗೂ ಕೊಟ್ಟೆ. ಏನು ವಿಶೇಷ ಎಂದು ಅವರು ಹಿಂದಿಯಲ್ಲಿ ಕೇಳಿದರು.

“ಮಗಳು ಕೆಲಸ ಮಾಡಲಿಲ್ಲ” ಅಂದೆ. ಅಂದಿನಿಂದ ಅವರು ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು.

ಮೇಡಂ ಬಂದಿದ್ದರು

ಗಂಡ ಅಲ್ಲೇ ಉಳಿದರು, ನಾವು ಮೂವರು ಚಳ್ಳಕೆರೆಗೆ ಬಂದೆವು. ಬಂದ ಮೇಲೆ ದತ್ತು ಕೇಂದ್ರದ ಮೇಡಂ ಮನೆಗೆ ಬಂದರು. ಮಕ್ಕಳು ಹೇಗಿದ್ದಾರೆ ಎಂದು ಆಗಾಗ ಬಂದು, ಅವರನ್ನು ಒಂಟಿಯಾಗಿ ಮಾತಾಡಿಸಿ ಹೋಗುವುದು ಪದ್ಧತಿ. ಹಿಂದಿನ ಜೋಡಿಯ ಮನೆಯಲ್ಲಿ ಹೀಗೆ ಕೇಳಿದಾಗ ದೊಡ್ಡವಳು, “ತುಂಬಾ ಚೆನ್ನಾಗಿ ನೋಡ್ಕಂತಾರೆ ಮೇಡಂ” ಅಂದಿದ್ದಳಂತೆ. ಆಮೇಲೆ ಅವರು ಬಿಟ್ಟು ಹೋದರು. ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಅದೇ ಮಾತು, ಒಂದಕ್ಷರ ಬದಲಿಲ್ಲ.

ಈ ಸಲ ನಾನು ಅಡುಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದು ಕಿವಿಗೊಟ್ಟು ನಿಂತೆ.

“ಹೇಗಿದ್ದೀಯಮ್ಮಾ?”

“ಏನ್ ಹೇಳದು ಮೇಡಂ.”

“ಯಾಕೆ, ಏನಾಯ್ತು?”

“ಬೆಳಗ್ಗೆ ಎದ್ರೆ ಉಪ್ಪಿಟ್ಟು. ಬ್ಯಾಡ ಅಂದ್ರೂ ತಲೆಗೆ ಹರಳೆಣ್ಣೆ ಹಚ್ತಾರೆ. ಡ್ಯೂಟಿ ಮುಗಿಸಿ ಬಂದು ಮನೇಲೂ ‘ಮುಂದೆ ಹೋಗ್ರಿ, ಮುಂದೆ ಹೋಗ್ರಿ’ ಅಂತ ಕೂಗ್ತಾರೆ. ಅಪ್ಪ ಫೋನ್ ಮಾಡಿ ಹಾಡು ಹೇಳ್ತಾರೆ, ಕೇಳಕ್ಕಾಗಲ್ಲ. ಇವನು ಏನ್ ಮಾಡಿದ್ರೂ ನಗ್ತಾರೆ, ನಾನ್ ಮಾಡಿದ್ರೆ ಬೈತಾರೆ.”

ನನ್ನ ಜೀವ ಬಾಯಿಗೆ ಬಂತು. ಹಟ ಹಿಡಿಯಲಿ ಎಂದು ಹಲ್ವ ಹಂಚಿದವಳು ನಾನೇ, ಅದು ಇವತ್ತೇ, ಇವರ ಮುಂದೆಯೇ ಆಗಬೇಕೇ?

ಮೇಡಂ ದನಿ ಗಂಭೀರವಾಯಿತು. “ಹೊಡೀತಾರಾ?”

“ಹೊಡೆಯಕ್ಕೆ ಅವರಿಗೆಲ್ಲಿ ಬರ್ತೈತೆ ಮೇಡಂ.”

“ಮತ್ತೆ, ನಿನಗೆ ಈ ಮನೆ ಬೇಡ್ವಾ ಪುಟ್ಟಾ? ಹೆದರಬೇಡ, ಹೇಳು. ನಾನು ಏನಾದ್ರೂ ಮಾಡ್ತೀನಿ.”

ದೊಡ್ಡವಳು ದೊಡ್ಡದಾಗಿ ಒಂದು ಉಸಿರು ಬಿಟ್ಟಿದ್ದು ಅಡುಗೆಮನೆಗೂ ಕೇಳಿಸಿತು.

“ಪಾಪ, ಬಿಡ್ರಿ ಮೇಡಂ. ವಾಪಸ್ ಗೀಪಸ್ ಕಳಿಸಬ್ಯಾಡ್ರಿ. ಹೊಸಬ್ರು, ಹಿಂಗೇ ಆಡ್ತಾರೆ. ಇನ್ನೂ ಸ್ವಲ್ಪ ದಿನ ಇಟ್ಕಂಡು ನೋಡ್ತೀನಿ.”