ಬಸಲಿಂಗಮ್ಮನವರ ಉಂಡಿ ಡಬ್ಬಿಯ ಕುರಿತು

ಕೂಕಟ್‌ಪಲ್ಲಿ, ೧೭ ಆಗಸ್ಟ್ ೨೦೦೯

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳೂ ಹಂದಿಜ್ವರದಿಂದ ಇಡೀ ಕಟ್ಟಡವನ್ನು ಕಾಯುತ್ತಿರುವ ಮಹನೀಯರೂ ಆದ ಹನುಮಂತರಾಯರಿಗೆ, ಮೂರನೇ ಮಹಡಿಯ ವೈಜನಾಥನು ತಾವೇ ಗೊತ್ತುಪಡಿಸಿದ ದೂರದಿಂದ ಮಾಡುವ ನಮಸ್ಕಾರಗಳು.

ಮಾನ್ಯರೇ,

ನನ್ನ ಹೆಂಡತಿ ಶಿವದೇವಿ ಏಳು ದಿನ ಆಸ್ಪತ್ರೆಯಲ್ಲಿದ್ದು, ಗುಣವಾಗಿದೆಯೆಂಬ ಡಾಕ್ಟರ ಚೀಟಿಯೊಂದಿಗೆ ಮನೆಗೆ ಬಂದ ದಿನವೇ ತಾವು ಲಿಫ್ಟಿಗೆ 'ಮುನ್ನೂರೆರಡನೇ ಮನೆಯವರು ಹತ್ತಬಾರದು' ಎಂಬ ಕಾಗದ ಅಂಟಿಸಿದಿರಿ. ಹೀಗಾಗಿ ಅವಳು ಗೋಡೆ ಹಿಡಿದು, ಪ್ರತಿಯೊಬ್ಬರ ಬಾಗಿಲೆದುರು ನಿಂತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ರೋಗಾಣುವಿಗೆ ಲಿಫ್ಟ್ ಮಾತ್ರ ಗೊತ್ತು, ಮೆಟ್ಟಿಲು ಹತ್ತಲು ಬಾರದು ಎಂಬುದು ತಮಗೆ ಹೊಳೆದಂತೆ ಯಾವ ಡಾಕ್ಟರಿಗೂ ಹೊಳೆದಿಲ್ಲ.

ಇನ್ನು ಡಬ್ಬಿಯ ವಿಷಯ. ನಾಗರ ಪಂಚಮಿಗೆ ತಮ್ಮ ಮನೆಯವರು ಉಂಡಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಕುದಿಯುವ ನೀರಲ್ಲಿ ತೊಳೆದು, ಖಾಲಿ ಕೊಡಬಾರದೆಂಬ ನಮ್ಮ ಕಡೆಯ ಪದ್ಧತಿಯಂತೆ ಸಕ್ಕರೆ ಹಾಕಿ, ವಾಚ್‌ಮನ್ ಮಲ್ಲಪ್ಪನ ಕೈಯಲ್ಲಿ ಕಳಿಸಿದೆವು. ತಾವು ಮೂಗಿಗೆ ಕರ್ಪೂರದ ಗಂಟು ಹಿಡಿದು, "ಈ ಡಬ್ಬಿ ನಮ್ದಲ್ಲಪ್ಪಾ, ಒಯ್ದುಬಿಡು" ಎಂದಿರಂತೆ. ಡಬ್ಬಿಯ ಹೊಟ್ಟೆಯ ಮೇಲೆ 'ಸೌ. ಬಸಲಿಂಗಮ್ಮ ಹನುಮಂತರಾಯ' ಎಂದು ಕೆತ್ತಿಸಲಾಗಿದೆ. ಹೈದರಾಬಾದಿನಲ್ಲಿ ಇದೇ ಹೆಸರಿನ ಇನ್ನೊಂದು ಜೋಡಿ ಇದ್ದರೆ ದಯವಿಟ್ಟು ವಿಳಾಸ ತಿಳಿಸಿರಿ, ಮುಟ್ಟಿಸಿ ಬರುತ್ತೇನೆ.

ಕಾಯುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ನನ್ನ ಬಿನ್ನಹ. ನಾವು ಬಿಟ್ಟ ಉಸಿರು ನೇರವಾಗಿ ನಾಚಾರಂ ಕಡೆ ಹೋಗಬೇಕೆಂದು ಗಾಳಿಗೊಂದು ನೋಟಿಸ್ ಕೊಡಿರಿ. ಅಲ್ಲಿಯ ಕಾರ್ಖಾನೆಗಳ ಹೊಗೆ ಮುಂದಿನದನ್ನು ನೋಡಿಕೊಳ್ಳುತ್ತದೆ. ನಮ್ಮ ಬಾಲ್ಕನಿಯ ಪಾರಿವಾಳಗಳು ತಮ್ಮ ಬಾಲ್ಕನಿಗೆ ಬರುವ ಮೊದಲು ಡಾಕ್ಟರ ಚೀಟಿ ತೋರಿಸಲಿ. ತೋರಿಸಿದರೂ ಬಿಡಬೇಡಿರಿ, ನಮ್ಮನ್ನು ಬಿಟ್ಟಿರೇನು?

ಮೊನ್ನೆ ಶ್ರಾವಣ ಶುಕ್ರವಾರ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಈ ಕಟ್ಟಡದ ಒಬ್ಬರೂ ಶಿವದೇವಿಯನ್ನು ಅರಿಸಿನ-ಕುಂಕುಮಕ್ಕೆ ಕರೆಯಲಿಲ್ಲ. ಇಳಕಲ್ ಸೀರೆ ಉಟ್ಟು, ಬಾಗಿಲು ತೆರೆದಿಟ್ಟು, ದೀಪ ಹಚ್ಚುವ ಹೊತ್ತು ದಾಟುವ ತನಕ ಕೂತಿದ್ದಳು. ಆಮೇಲೆ, "ಇರ್ಲಿ ಬಿಡ್ರಿ, ಅವ್ರ ಮನ್ಯಾಗೂ ಮಕ್ಳು ಮರಿ ಅದಾವ" ಎಂದು ಸೀರೆ ಬದಲಿಸಿದಳು. ಅವಳಿಗೆ ಸಿಟ್ಟು ಬರುವುದಿಲ್ಲ. ನನಗೆ ಬರುತ್ತದೆ, ಅದಕ್ಕೇ ಈ ಪತ್ರ.

ಮೆಟ್ಟಿಲ ಮಾರ್ಗವಾಗಿ,
ತಮ್ಮ ವಿಶ್ವಾಸಿ,
ವೈಜನಾಥ

ತಾ.ಕ.: ನಿನ್ನೆಯಿಂದ ಬಸಲಿಂಗಮ್ಮನವರ ಕೆಮ್ಮು ನಮ್ಮ ಮನೆಯ ತನಕ ಕೇಳಿಸುತ್ತಿದೆ. ಸಂಘದ ಯಾರೂ ತಮ್ಮ ಹೊಸ್ತಿಲಿಗೆ ಬಂದಿಲ್ಲವೆಂದು ಮಲ್ಲಪ್ಪ ಹೇಳಿದ. ಲಿಫ್ಟಿನ ಕಾಗದವನ್ನು ನಾನು ಕಿತ್ತಿಲ್ಲ. ಮನೆ ಸಂಖ್ಯೆ ತಿದ್ದುವುದಿದ್ದರೆ ತಾವೇ ತಿದ್ದಿರಿ. ಶಿವದೇವಿ ಗಂಜಿ ಮಾಡಿ ಅದೇ ಡಬ್ಬಿಯಲ್ಲಿ ತಮ್ಮ ಬಾಗಿಲಿಗಿಟ್ಟು ಬಂದಿದ್ದಾಳೆ. ಡಬ್ಬಿ ತಮ್ಮದೆಂದು ನೆನಪಾದರೆ ಬೇಗ ತೆರೆಯಿರಿ, ಇನ್ನೂ ಬಿಸಿ ಇದೆ.