ಸಲಹೆ ವಾಪಸ್ ತರುವ ನಮ್ಮ ಮಾವ

ಕೊಟ್ಟ ಸಲಹೆಯನ್ನು ಬಸ್ಸು ಹತ್ತಿ ಹೋಗಿ ವಾಪಸ್ ತರುವ ಮನುಷ್ಯನನ್ನು ನೀವು ನೋಡಿದ್ದೀರಾ? ಚಳ್ಳಕೆರೆಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ!

ಮೊಳಕಾಲ್ಮುರು ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಟಿಕೆಟ್ ಹರಿಯುವುದರಿಂದ ನಿವೃತ್ತಿಯಾಯಿತೇ ಹೊರತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇನ್ನೂ ಹೆಗಲಿನಿಂದ ಇಳಿದಿಲ್ಲ. ಊರಲ್ಲಿ ಎಲ್ಲಿ ತರಬೇತಿ ನಡೆದರೂ ಮುಂದಿನ ಸಾಲಿನಲ್ಲಿ ಇವರೇ. ಒಂದು ನಿಯಮ ಬದಲಾಯಿತೆಂದರೆ ಮದುವೆ ಗೊತ್ತಾದ ಮನೆಯ ಯಜಮಾನನ ಹಾಗೆ ಓಡಾಡುತ್ತಾರೆ. ಹಳೆಯದನ್ನು ಯಾರ್ಯಾರಿಗೆ ಹೇಳಿದ್ದರೋ ಅವರ ಮನೆಗೆಲ್ಲ ಹೋಗಿ ರದ್ದು ಮಾಡಿ ಬರಬೇಕಲ್ಲ!

ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಿ ಎಂದು ದೇವಸಮುದ್ರದ ಕುರಿಗಾಹಿಯೊಬ್ಬನ ಮನೆಯಲ್ಲಿ ಹಿಂದೆ ಹೇಳಿದ್ದರಂತೆ. ಕಟ್ಟಬಾರದು ಎಂದು ತಿಳಿದ ಮರುದಿನವೇ ನನ್ನನ್ನೂ ಎಳೆದುಕೊಂಡು ಹೊರಟರು. ಆ ಮನೆಯ ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡಳು.

"ಅಲ್ಲ ನಾಯನಾ, ಕಟ್ರಿ ಅಂದೋರೂ ನೀವೇ, ಕಟ್ಟಬ್ಯಾಡ್ರಿ ಅಂಬೋರೂ ನೀವೇ. ಹಾವಿಗೆ ಯಾವುದನ್ನ ಹೇಳಾನ?"

"ಹಾವು ಬದಲಾಗಿಲ್ಲವ್ವ, ನಾವು ಬದಲಾಗೀವಿ. ಕಚ್ಚಿದ ಕಾಲು ಅಲ್ಲಾಡದಂಗೆ ನೋಡ್ಕಂಡು ಆಸ್ಪತ್ರೆಗೆ ಹೊರಡ್ರಿ" ಎಂದ ಮಾವ, ನಂಬಿಕೆ ಸಾಲದೆ ಆ ಹಗ್ಗವನ್ನೂ ಇಸಕೊಂಡು ಬಂದರು. ಈಗ ಅದರ ಮೇಲೆ ಅತ್ತೆಯ ಸೀರೆಗಳು ಒಣಗುತ್ತಿವೆ.

ಹೃದಯ ನಿಂತವರ ಎದೆ ಒತ್ತುವುದನ್ನು ಅಭ್ಯಾಸ ಮಾಡಲು ಬೊಂಬೆ ಎಲ್ಲಿಂದ ತರುವುದು? ಶೇಂಗಾ ಕಾಯಿಯ ಚೀಲವನ್ನೇ ಪಡಸಾಲೆಯಲ್ಲಿ ಅಂಗಾತ ಮಲಗಿಸಿದರು. ಆಂಬುಲೆನ್ಸ್‌ಗೆ ಫೋನ್ ಮಾಡ್ರಿ ಎಂದು ಗಾಳಿಗೆ ಕೂಗಿ, "ಎದೆ ನಡುವೆ, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ ನೂರರ ಮ್ಯಾಲೆ" ಎನ್ನುತ್ತಾ ಒತ್ತತೊಡಗಿದರು. ಚೀಲದೊಳಗೆ ಪಟಪಟ ಸದ್ದು. ಅತ್ತೆ ಬಂದು ಚೀಲದ ಬಾಯಿ ಬಿಚ್ಚಿ ನೋಡಿದರು.

"ಅರ್ಧ ಸುಲಿದಂಗಾಗೈತೆ. ಹಿತ್ತಲಾಗೆ ಇನ್ನೂ ಎರಡು ಪೇಷಂಟ್ ಅದಾವೆ, ಅವನ್ನೂ ನೋಡಿಬಿಡ್ರಿ."

ಮಾವ ನನ್ನತ್ತ ತಿರುಗಿದರು. "ಬಾ ಲೇ, ನೀನೂ ಒತ್ತು."

"ಹೋದ ತಿಂಗಳೇ ಕಲ್ತೀನಲ್ಲ ಮಾವ. ಎಷ್ಟು ಸಲ ಕಲಿಸ್ತೀರಿ?"

ಅತ್ತೆ ನಕ್ಕರು. ಮಾವ ನಗಲಿಲ್ಲ.

"ನಮ್ಮ ಡ್ರೈವರಣ್ಣ ಸ್ಟೇರಿಂಗ್ ಮುಂದೆ ಕುಸಿದ್ನಲ್ಲ, ಇಳಿಸಿ ಮಲಗಿಸಿದ್ವಿ. ಉಸಿರಿರಲಿಲ್ಲ. ಬಾಯಿಗೆ ಬಾಯಿಟ್ಟು ಊದಬೇಕು ಅಂತ ಆಗ ಹೇಳ್ಕೊಟ್ಟಿದ್ರು. ನನಗದು ಸರಿಯಾಗಿ ಬರ್ತಿರಲಿಲ್ಲ. ಅರೆಬರೆ ಮಾಡಿದ್ರೆ ತಪ್ಪಾದೀತು ಅಂತ ಕೈ ಕಟ್ಕಂಡು ನಿಂತೆ. ಅದು ಬರದಿದ್ರೆ ಬರೀ ಎದೆನಾದ್ರೂ ಒತ್ರಿ, ಸುಮ್ನೆ ನಿಲ್ಲಬ್ಯಾಡ್ರಿ ಅಂತಾರೆ ಈಗ. ಈಗ ಅಂತಾರೆ ಲೇ."

ಹದಿನೈದು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಜೋಡಿ ಅದು. ಡ್ರೈವರಣ್ಣ ಸತ್ತಿದ್ದು ನನಗೆ ಗೊತ್ತಿತ್ತು, ಮಾವ ಕೈ ಕಟ್ಟಿ ನಿಂತದ್ದು ಗೊತ್ತಿರಲಿಲ್ಲ.

ನಾನು ಮಂಡಿಯೂರಿ ಕೂತು ಒತ್ತತೊಡಗಿದೆ. ಎಣಿಸುವುದು ಯಾವಾಗಲೂ ಮಾವನೇ. ಅಂದು ಹತ್ತಕ್ಕೆ ಬಂದು ಅವರ ದನಿ ನಿಂತುಹೋಯಿತು.

ಹನ್ನೊಂದರಿಂದ ಅತ್ತೆ ಎಣಿಸಿದರು.