ನಲವತ್ತೈದು ನಿಮಿಷದ ಹಾರಾಟ

ಮಾವನವರ ಮನೆಯಲ್ಲಿ ಬಂದವರಿಗೆಂದು ಇದ್ದದ್ದು ಒಂದೇ ಕೋಣೆ, ಅಳಿಯಂದಿರು ಇಬ್ಬರು. ಕೋಣೆ ಸಿಗದವನು ಹಾಲ್‌ನಲ್ಲಿ ಮಾವನವರ ಪಕ್ಕ ಮಲಗಬೇಕು. ಅವರ ಗೊರಕೆಗೆ ಕಿಟಕಿಯ ಗಾಜು ಅದುರುತ್ತಿತ್ತು. ಮೊದಲು ಬಂದವನಿಗೆ ಕೋಣೆ ಎಂಬ ನಿಯಮ ತಂದವನು ಹಿರಿಯಳಿಯ, ಗಡಿಯಾರ ರಿಪೇರಿಯವನು. ತಂದ ದಿನದಿಂದ ಅವನು ಒಮ್ಮೆಯೂ ಮೊದಲು ಹೋಗಿರಲಿಲ್ಲ.

ಈಗ ಮಾವನವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹೆಂಡತಿಯರಿಬ್ಬರೂ ಆಗಲೇ ತವರು ಸೇರಿ ಅಮ್ಮನ ಕೋಣೆಯಲ್ಲಿ ಠಿಕಾಣಿ ಹೂಡಿದ್ದರು. ಷಡ್ಡಕ ಬೆಳಗಿನ ಬಸ್ಸಿಗೆ ಹೊರಡುತ್ತಾನೆಂದು ತಿಳಿದದ್ದೇ ಗಡಿಯಾರದವನು ವಿಮಾನದ ಟಿಕೆಟ್ ಮಾಡಿಸಿ ಅವನಿಗೇ ಫೋನ್ ಹಚ್ಚಿದ.

"ಬಸ್ಸಿಗೆ ಏಳು ಗಂಟೆ, ನಂಗೆ ನಲವತ್ತೈದೇ ನಿಮಿಷ! ನೀನು ಅರ್ಧ ದಾರೀಲಿ ಟೀ ಕುಡೀತಿರ್ತೀಯ, ನಾನು ಮಂಚದ ಮೇಲೆ ಕಾಲು ಚಾಚಿರ್ತೀನಿ."

"ಆಗ್ಲಿ ಭಾವ. ಮಾವನ ಕಣ್ಣು ಹೇಗಿದೆಯಂತೆ?"

"ಅದನ್ನ ಹೋಗಿ ನೋಡಿದ್ರಾಯ್ತು ಬಿಡು."

ಪಕ್ಕದಂಗಡಿಯ ದರ್ಜಿ ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಆದರೂ, "ಮೂರು ಗಂಟೆ ಮೊದ್ಲೇ ಹೋಗು, ಬಾಗಿಲು ಹಾಕ್ಬಿಡ್ತಾರೆ" ಎಂದು ಹೆದರಿಸಿದ. ಎದುರುಮನೆ ಅಜ್ಜಿ, "ಕಿವಿ ಒಡೆದು ಹೋಗುತ್ತಪ್ಪಾ" ಎಂದು ಉಂಡೆ ಹತ್ತಿ ತಂದು ಕೈಗಿಟ್ಟಳು.

ವಿಮಾನ ನಿಲ್ದಾಣ ಊರಾಚೆ ಎಲ್ಲೋ ಇತ್ತು. ತಪಾಸಣೆಯಲ್ಲಿ ಅವನ ಜೇಬಿನಿಂದ ಚಿಮಟವೂ ಪುಟ್ಟ ಸ್ಕ್ರೂಡ್ರೈವರೂ ಹೊರಬಂದವು.

"ಏನ್ರೀ ಇದು?"

"ಬಿಚ್ಚೋದಕ್ಕೆ ಸಾರ್."

"ವಿಮಾನದಲ್ಲಿ ಏನು ಬಿಚ್ಚೋಕೆ ಹೊರಟಿದ್ದೀರಿ?"

ಗಡಿಯಾರ ಬಿಚ್ಚುವುದೆಂದು ಅವರನ್ನು ನಂಬಿಸುವಷ್ಟರಲ್ಲಿ ಇವನ ಬೆವರಿಳಿಯಿತು. ಆಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಕೂತವನಿಗೆ ವಿಮಾನ ಹತ್ತಲು ಕರೆದದ್ದೇ ಕೇಳಿಸಲಿಲ್ಲ. ಸಿಬ್ಬಂದಿಯ ಹುಡುಗಿಯೊಬ್ಬಳು ಬಂದು ಭುಜ ಅಲ್ಲಾಡಿಸಿ ಎಬ್ಬಿಸಿದಳು. ಸಿಟ್ಟಿನಲ್ಲಿ ಹತ್ತಿಯನ್ನಷ್ಟೂ ಕಸದ ಬುಟ್ಟಿಗೆಸೆದು ಓಡಿದ. ಇಷ್ಟಾದ ಮೇಲೂ ವಿಮಾನ ನಿಂತಲ್ಲೇ ನಿಂತು ಬೇರೆ ವಿಮಾನಗಳಿಗೆಲ್ಲ ದಾರಿ ಬಿಟ್ಟಿತು. ಹಾರಿದ್ದು ಮಾತ್ರ ನಲವತ್ತೈದೇ ನಿಮಿಷ, ಸುಳ್ಳಲ್ಲ.

ಇಳಿದರೆ ಆ ಊರಿನ ನಿಲ್ದಾಣವೂ ಊರಾಚೆಯೇ. ಟ್ಯಾಕ್ಸಿಗೆ ಹನುಮಂತನ ಬಾಲದಂಥ ಸಾಲು. ಅಷ್ಟರಲ್ಲಿ ಎದುರಿನ ಹೆದ್ದಾರಿಯಲ್ಲಿ ಊರ ಕಡೆ ಹೋಗುವ ಬಸ್ಸೊಂದು ಬಂತು. ನುಗ್ಗಿ ಹತ್ತಿ ನೋಡಿದರೆ, ಕಿಟಕಿಯ ಪಕ್ಕದ ಸೀಟಿನಲ್ಲಿ ಷಡ್ಡಕ! ಇವನು ಹತ್ತಿದ್ದು ಅದೇ ಬೆಳಗಿನ ಬಸ್ಸು.

ಪುಣ್ಯಕ್ಕೆ ಷಡ್ಡಕ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಗಡಿಯಾರದವನು ಉಸಿರು ಬಿಗಿಹಿಡಿದು ಬಾಗಿಲಲ್ಲೇ ಜೋತುಬಿದ್ದ. ಮಾವನವರ ಸ್ಟಾಪು ಬಂದಾಗ ಕಳ್ಳಹೆಜ್ಜೆ ಇಟ್ಟು ಇಳಿದ. ಮಲಗಿದ್ದವನನ್ನು ಹೊತ್ತುಕೊಂಡು ಬಸ್ಸು ಮುಂದೆ ಹೋಯಿತು. ಇವನಿಗೆ ರಸ್ತೆಯಲ್ಲೇ ಕುಣಿಯುವಷ್ಟು ಖುಷಿ.

"ಬನ್ನಿ ಅಳಿಯಂದ್ರೇ! ನೀವೇ ಮೊದಲು. ಕೋಣೆ ನಿಮ್ಮದೇ," ಎಂದರು ಕಪ್ಪು ಕನ್ನಡಕದ ಮಾವನವರು.

ಕೋಣೆಯಲ್ಲಿ ಮಂಚ ಎರಡಿದ್ದವು.

"ಕಣ್ಣಿಗೆ ಬೆಳಕು ತಾಗಬಾರದಂತೆ, ಡಾಕ್ಟರು ಹೇಳಿದಾರೆ. ಹಾಲ್‌ನಲ್ಲಿ ಬೆಳಕು ಜಾಸ್ತಿ ನೋಡಿ, ಅದಕ್ಕೆ ನಾನೂ ಇಲ್ಲೇ ಬಂದ್ಬಿಟ್ಟೆ. ಕಿರಿಯಳಿಯ ಪಾಪ, ಬೆಳಿಗ್ಗೆನೇ ಫೋನ್ ಮಾಡಿ ವಿಚಾರಿಸಿದ್ರು. ಅವರಿಗೆ ಎಲ್ಲಾ ಹೇಳಿದೀನಿ."

ಅಷ್ಟರಲ್ಲಿ ಕಿರಿಯಳಿಯ ಸಿಳ್ಳೆ ಹಾಕುತ್ತ ಒಳಗೆ ಬಂದ. "ಸೋತೆ ಭಾವ! ನೀವು ಬಸ್ ಹತ್ತಿದ್ದು ನೋಡಿ ಕಣ್ಣು ಮುಚ್ಚಿದೆ ನೋಡಿ, ಒಂದು ಸ್ಟಾಪ್ ಮುಂದೆ ಹೋಗ್ಬಿಟ್ಟೆ," ಎಂದವನೇ ದಿಂಬು ಕಂಕುಳಲ್ಲಿಟ್ಟುಕೊಂಡು ಖಾಲಿ ಹಾಲ್‌ಗೆ ನಡೆದ.

ಊಟವಾದದ್ದೇ ಮಾವನವರು ಅಡ್ಡಾದರು. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಅದುರತೊಡಗಿತು. ಗಡಿಯಾರದವನು ಹತ್ತಿಗಾಗಿ ಜೇಬು ತಡಕಿ, ಆ ಕಸದ ಬುಟ್ಟಿಯನ್ನು ನೆನೆದು ಕಣ್ಣೀರು ಹಾಕಿದ. ಈ ಹಾರಾಟ ನಲವತ್ತೈದು ನಿಮಿಷಕ್ಕೆ ಇಳಿಯುವಂಥದ್ದಾಗಿರಲಿಲ್ಲ.